ಓಡುವುದಕ್ಕಿಂತ ನಿಲ್ಲುವುದೇ ದುಬಾರಿ: ಬ್ರೇಕುಗಳು ದೊಡ್ಡದಾದ ಕಥೆ

ವಿಶಾಖಪಟ್ಟಣದಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 16ರಲ್ಲಿ ದಕ್ಷಿಣಕ್ಕೆ ಹೋದರೆ ಸುಮಾರು 350 ಕಿ.ಮೀ.ಗೆ ವಿಜಯವಾಡ. ಕೃಷ್ಣೆ ದಾಟಿ, ಒಂಗೋಲು, ನೆಲ್ಲೂರು, ತಡ ಎಲ್ಲ ಕಳೆದು, ಇನ್ನೇನು ಚೆನ್ನೈ ಬಂತು ಅನ್ನುವಾಗ ಶೋಲಾವರಂ ಅನ್ನುವ ಊರು ಸಿಗುತ್ತದೆ. ಬಸ್ಸಿನಲ್ಲಿ ಹೋಗುವವರು ಆ ಹೊತ್ತಿಗೆ ಚಪ್ಪಲಿ ಹುಡುಕುತ್ತಾ, ಬ್ಯಾಗು ಇಳಿಸಿಕೊಳ್ಳುತ್ತಾ ಇರುತ್ತಾರೆ, ಹಾಗಾಗಿ ಯಾರೂ ಆ ಊರನ್ನು ಗಮನಿಸುವುದಿಲ್ಲ. ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ ಅಲ್ಲಿದೆ. ಯುದ್ಧ ಮುಗಿದ ಮೇಲೆ ವಿಮಾನ ಬರಲಿಲ್ಲ, ಕಾರು ಬಂತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅದೇ ಕಾಂಕ್ರೀಟಿನ ಮೇಲೆ ದಶಕಗಳ ಕಾಲ ರೇಸು ನಡೆಸಿದರು. ಆಮೇಲೆ 1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟುಕೋಟೈಯಲ್ಲಿ ಅವರದ್ದೇ ಸ್ವಂತ ಟ್ರ್ಯಾಕು ಬಂತು. ನನಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ಹಳೇ ಟ್ರ್ಯಾಕು ನಾನು ಅನ್ನ ತಿನ್ನುತ್ತಿರುವ ಆಂಧ್ರದ ದಾರಿಯಲ್ಲಿ, ಹೊಸ ಟ್ರ್ಯಾಕು ನಾನು ಹುಟ್ಟಿದ ಕರ್ನಾಟಕದ ಕಡೆ ಹೋಗುವ ಬೆಂಗಳೂರು ರಸ್ತೆಯಲ್ಲಿ!

ರೇಸು ಅಂದ ಕೂಡಲೇ ಎಲ್ಲರೂ ಇಂಜಿನ್ನಿನ ಮಾತಾಡುತ್ತಾರೆ. ಎಷ್ಟು ಕುದುರೆ, ಎಷ್ಟು ಸ್ಪೀಡು. ಬಿ.ಕಾಂ. ಓದಿ ಬ್ಯಾಂಕಿಗೆ ಸೇರಿದವನಿಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಇನ್ನೊಂದು ಬದಿ. ಡೆಬಿಟ್ ಆದದ್ದು ಎಲ್ಲೋ ಕ್ರೆಡಿಟ್ ಆಗಲೇಬೇಕಲ್ಲ? ಅಷ್ಟು ಸ್ಪೀಡಿನಲ್ಲಿ ಹೋದ ಕಾರು ನಿಂತಾಗ ಆ ಸ್ಪೀಡೆಲ್ಲ ಎಲ್ಲಿಗೆ ಹೋಯಿತು? ಬ್ರೇಕಿನ ನೂರಿಪ್ಪತ್ತು ವರ್ಷದ ಇತಿಹಾಸವೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರ.

ಮೊದಲು ಎತ್ತಿನ ಗಾಡಿ, ಕುದುರೆ ಗಾಡಿಗಳ ಕಾಲ. ನಮ್ಮ ಮಲೆನಾಡಿನ ಕಡೆ ಹಳಬರು ಬ್ರೇಕಿಗೆ 'ಬಿರಿ' ಅನ್ನುತ್ತಿದ್ದರು. ಇಳಿಜಾರಿನಲ್ಲಿ ಮರದ ತುಂಡೊಂದನ್ನು ಚಕ್ರಕ್ಕೆ ಒತ್ತಿ ಹಿಡಿಯುವುದು, ಅಷ್ಟೇ. ಇಂಗ್ಲೆಂಡಿನಲ್ಲೂ ಅದೇ. ಹರ್ಬರ್ಟ್ ಫ್ರೂಡ್ ಎಂಬಾತ ಡರ್ಬಿಶೈರಿನ ಗುಡ್ಡಗಳಲ್ಲಿ ಗಾಡಿಯವರು ಆ ಮರದ ತುಂಡಿಗೆ ಹಳೇ ಬೂಟಿನ ತೊಗಲು ಹೊಡೆದುಕೊಂಡಿರುವುದನ್ನು ನೋಡಿದನಂತೆ. ಬರೀ ಮರಕ್ಕಿಂತ ಅದು ಚೆನ್ನಾಗಿ ಹಿಡಿಯುತ್ತಿತ್ತು. 1897ರಲ್ಲಿ ಆತ ಬ್ರೇಕಿನ ಲೈನಿಂಗ್ ಮಾಡುವ ಕಂಪನಿಯನ್ನೇ ಶುರು ಮಾಡಿದ. ತನ್ನ ಹೆಸರಿನ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿ ಅದಕ್ಕೆ ಫೆರೋಡೋ ಅಂತ ಹೆಸರಿಟ್ಟ. ಬಿಡಿಭಾಗದ ಅಂಗಡಿಯಲ್ಲಿ ಈಗಲೂ ಆ ಹೆಸರಿನ ಡಬ್ಬ ಕಂಡೀತು.

ಕಾರಿನ ಎರಡು ಮುಖ್ಯ ಬ್ರೇಕುಗಳೂ 1902ರಲ್ಲೇ ಹುಟ್ಟಿದವು. ಫ್ರಾನ್ಸಿನ ಲೂಯಿ ರೆನೋ, ಡ್ರಮ್ಮಿನ ಒಳಗೆ ಶೂಗಳು ಅಗಲಿ ಒತ್ತುವ ಡ್ರಮ್ ಬ್ರೇಕನ್ನು ರೂಪಿಸಿದ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್, ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಚಿಮ್ಮಟದಂತೆ ಹಿಡಿಯುವ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಲ್ಯಾಂಚೆಸ್ಟರ್ ಉಪಯೋಗಿಸಿದ್ದು ತಾಮ್ರದ ಪ್ಯಾಡು. ಆಗಿನ ಮಣ್ಣು ರಸ್ತೆಯ ಧೂಳಿಗೆ ಅದು ಬೇಗ ಸವೆಯುತ್ತಿತ್ತು, ಕಿರುಚುತ್ತಿತ್ತು. ಡ್ರಮ್ ಗೆದ್ದಿತು, ಡಿಸ್ಕ್ ಐವತ್ತು ವರ್ಷ ಮೂಲೆ ಸೇರಿತು. ಮಧ್ಯೆ 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕು ಹಾಕಿಕೊಂಡು ಬಂದು ಫ್ರೆಂಚ್ ಗ್ರ್ಯಾಂಡ್ ಪ್ರಿ ಗೆದ್ದುಕೊಂಡು ಹೋಯಿತು. ತಡವಾಗಿ ಬ್ರೇಕ್ ಹಾಕುವವನು ರೇಸು ಗೆಲ್ಲುತ್ತಾನೆ ಅನ್ನುವುದು ಯುರೋಪಿನವರಿಗೆ ಆವತ್ತು ಚೆನ್ನಾಗಿ ಅರ್ಥವಾಗಿರಬೇಕು.

ಡ್ರಮ್ಮಿನ ತೊಂದರೆ ಏನು ಅಂತ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ವಿಜಯವಾಡದ ಆಟೋನಗರದಲ್ಲಿ. 1960ರ ದಶಕದಲ್ಲಿ ಶುರುವಾದ ಈ ಆಟೋನಗರ ಒಂದು ಲೋಕವೇ ಸರಿ. ಲಾರಿ ಬಾಡಿ ಕಟ್ಟುವವರು, ಸ್ಪ್ರಿಂಗ್ ಪಟ್ಟಿಯವರು, ರೇಡಿಯೇಟರಿನವರು, ಲೈನರ್ ಹೊಡೆಯುವವರು, ಲೇತ್ ಮಶಿನ್ನಿನವರು ಎಲ್ಲ ಒಂದೇ ಕಡೆ. ಅಲ್ಲಿಯ ಸಣ್ಣ ವರ್ಕ್‌ಶಾಪುಗಳಿಗೆ ಸಾಲ ಕೊಡುವ, ಕೊಟ್ಟ ಮೇಲೆ ಹೋಗಿ ನೋಡಿಕೊಂಡು ಬರುವ ಕೆಲಸ ಕೆಲವು ವರ್ಷ ನನ್ನ ಪಾಲಿಗಿತ್ತು. ಲಾರಿಯವರು ಬಂದು ಹೇಳುವ ಒಂದೇ ಮಾತು 'ಬ್ರೇಕುಲು ಪಡಟಂ ಲೇದು', ಅಂದರೆ ಬ್ರೇಕು ಹಿಡೀತಾ ಇಲ್ಲ. ಡ್ರಮ್ ಬಿಚ್ಚಿ ನೋಡಿದರೆ ಒಳಗೆ ಗೆರೆ ಗೆರೆ, ಸುಟ್ಟು ನೀಲಿಗಟ್ಟಿದ ಮಚ್ಚೆಗಳು. ಲೇತಿಗೆ ಹಾಕಿ ಸಪಾಟು ಮಾಡುತ್ತಾರೆ. ಪ್ರತಿ ಸಲ ಹಾಗೆ ತಿರುಗಿಸಿದಾಗಲೂ ಡ್ರಮ್ಮಿನ ಒಳವ್ಯಾಸ ಸ್ವಲ್ಪ ದೊಡ್ಡದಾಗುತ್ತದೆ, ಗೋಡೆ ತೆಳ್ಳಗಾಗುತ್ತದೆ. ಇದೂ ಒಂದು ರೀತಿಯಲ್ಲಿ ಬ್ರೇಕು ದೊಡ್ಡದು ಮಾಡುವ ಕೆಲಸವೇ, ಆದರೆ ತಲೆಕೆಳಗಾಗಿ! ಇಷ್ಟಕ್ಕಿಂತ ಹೆಚ್ಚು ತಿರುಗಿಸಬೇಡಿ ಎನ್ನುವ ಅಳತೆಯನ್ನು ಎಷ್ಟೋ ಡ್ರಮ್ಮುಗಳ ಮೇಲೇ ಎರಕದಲ್ಲಿ ಬರೆದಿರುತ್ತಾರೆ. ಅದನ್ನು ಓದುವವರು ಕಡಿಮೆ.

ಲೇತ್ ಹಿಡಿದ ಹಿರಿಯರೊಬ್ಬರು ನನಗೆ ಅಂಗೈ ತೋರಿಸಿ ವಿವರಿಸಿದ್ದರು. ಬಿಸಿಯಾದರೆ ಕಬ್ಬಿಣ ಹಿಗ್ಗುತ್ತದೆ. ಶೂ ಇರುವುದು ಡ್ರಮ್ಮಿನ ಒಳಗೆ. ಡ್ರಮ್ ಹಿಗ್ಗಿದರೆ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗೆ ಕೆಳಗೆ ಹೋಗುತ್ತದೆ. ಜೊತೆಗೆ ಶಾಖ ಮುಚ್ಚಿದ ಡಬ್ಬದೊಳಗೆ ಕೂತುಬಿಡುತ್ತದೆ, ಲೈನರಿನ ಹಿಡಿತವೂ ಇಳಿಯುತ್ತದೆ. ಡಿಸ್ಕಿನಲ್ಲಿ ತಟ್ಟೆ ಬಿಸಿಯಾಗಿ ದಪ್ಪಗಾದರೆ ಪ್ಯಾಡಿನ ಕಡೆಗೇ ಬರುತ್ತದೆ, ಮೇಲಾಗಿ ಗಾಳಿಗೆ ಬಿಟ್ಟುಕೊಂಡಿರುತ್ತದೆ. ಇಷ್ಟು ಸರಳವಾಗಿ ಯಾವ ಇಂಜಿನಿಯರೂ ನನಗೆ ಹೇಳಿರಲಿಲ್ಲ.

ಇದೇ ವಿದ್ಯೆ ಜಗತ್ತಿಗೆ ಗೊತ್ತಾದದ್ದು 1953ರ ಜೂನಿನಲ್ಲಿ, ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ. 24 ಗಂಟೆ ಎಡೆಬಿಡದೆ ಓಡುವ ರೇಸು ಅದು. ಸುಮಾರು 6 ಕಿ.ಮೀ. ಉದ್ದದ ನೇರ ರಸ್ತೆಯ ಕೊನೆಯಲ್ಲಿ ಬಲಕ್ಕೆ ಕಟ್ಟಾದ ತಿರುವು. ಅಷ್ಟು ವೇಗದಿಂದ ಅಲ್ಲಿಗೆ ಬಂದು ಬ್ರೇಕು ಹಾಕಬೇಕು, ಅದನ್ನೇ ಹಗಲೂ ರಾತ್ರಿ, ಸುತ್ತಿನ ಮೇಲೆ ಸುತ್ತು. ಡ್ರಮ್ಮಿನ ಕಾರಿನವರು ಬ್ರೇಕು ಉಳಿಸಿಕೊಳ್ಳಲು ಮೊದಲೇ ಕಾಲು ತೆಗೆಯಬೇಕಿತ್ತು. ಜಾಗ್ವಾರ್ ಕಂಪನಿಯವರು ಡನ್ಲಪ್‌ನವರ ಜೊತೆ ಸೇರಿ, ವಿಮಾನದ ಗಾಲಿಗೆ ಹಾಕುತ್ತಿದ್ದ ಡಿಸ್ಕನ್ನು ತಮ್ಮ ಸಿ-ಟೈಪ್ ಕಾರಿಗೆ ಒಗ್ಗಿಸಿಕೊಂಡಿದ್ದರು. ಹಿಂದಿನ ವರ್ಷವೇ ಸ್ಟರ್ಲಿಂಗ್ ಮಾಸ್ ಅಂಥ ಕಾರಿನಲ್ಲಿ ರೀಮ್ಸ್‌ನಲ್ಲಿ ಗೆದ್ದಿದ್ದ. ಆ ವರ್ಷ ಟೋನಿ ರೋಲ್ಟ್, ಡಂಕನ್ ಹ್ಯಾಮಿಲ್ಟನ್ ಜೋಡಿ ಸರಾಸರಿ ಗಂಟೆಗೆ ಸುಮಾರು 170 ಕಿ.ಮೀ. ವೇಗದಲ್ಲಿ 4,000 ಕಿ.ಮೀ.ಗೂ ಹೆಚ್ಚು ಓಡಿಸಿ ಗೆದ್ದರು. ಸರಾಸರಿ ವೇಗ ನೂರು ಮೈಲಿ ದಾಟಿದ್ದು ಲೆ ಮಾನ್ಸ್‌ನಲ್ಲಿ ಅದೇ ಮೊದಲು. ಎರಡನೇ ಸ್ಥಾನವೂ ಜಾಗ್ವಾರಿಗೇ, ನಾಲ್ಕನೆಯದೂ. ಎರಡೇ ವರ್ಷಕ್ಕೆ ಸಿಟ್ರೋನ್ ಕಂಪನಿಯ ಡಿಎಸ್ ಕಾರಿನಲ್ಲಿ ಡಿಸ್ಕು ಸಂಸಾರಸ್ಥರ ಮನೆಗೂ ಬಂತು.

ಈಗ ಲೆಡ್ಜರ್ ತೆಗೆಯೋಣ. ಒಂದು ಟನ್ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದೆ. ಅದರಲ್ಲಿರುವ ಶಕ್ತಿ ಸುಮಾರು 386 ಕಿಲೋಜೂಲ್. ಅರ್ಥವಾಗುವ ಹಾಗೆ ಹೇಳುವುದಾದರೆ, ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಒಂದು ಸಲ ಬ್ರೇಕು ಹಾಕಿ ನಿಲ್ಲಿಸಿದರೆ ಮೂರು ನಾಲ್ಕು ಸೆಕೆಂಡಿನಲ್ಲಿ ಇಷ್ಟೂ ಶಾಖ ಆ ತಟ್ಟೆಗಳ ಖಾತೆಗೆ ಜಮಾ. ವೇಗ 200 ಆದರೆ ಶಾಖ ಎರಡರಷ್ಟಲ್ಲ, ನಾಲ್ಕರಷ್ಟು. ಮುಂದಿನ ಎರಡು ತಟ್ಟೆ ಸೇರಿ 10 ಕೆ.ಜಿ. ಕಬ್ಬಿಣ, ಶಾಖದ ಮುಕ್ಕಾಲು ಪಾಲು ಅವುಗಳಿಗೇ ಅಂತಿಟ್ಟುಕೊಂಡರೆ, 100ರಿಂದ ಒಮ್ಮೆ ನಿಂತಾಗ ಸುಮಾರು 60 ಡಿಗ್ರಿ ಏರುತ್ತದೆ. 200ರಿಂದ ನಿಂತರೆ ಸುಮಾರು 250 ಡಿಗ್ರಿ. ಗಾಳಿ ಬಂದು ಇದನ್ನು ನಿಧಾನವಾಗಿ ವಿತ್‌ಡ್ರಾ ಮಾಡಿಕೊಳ್ಳುತ್ತದೆ. ಜಮಾ ಬೇಗ ಬೇಗ ಆಗಿ, ವಿತ್‌ಡ್ರಾ ನಿಧಾನವಾದರೆ ಬ್ಯಾಲೆನ್ಸ್ ಬೆಳೆಯುತ್ತಲೇ ಹೋಗುತ್ತದೆ. ಬ್ಯಾಂಕಿಗೆ ಅದು ಸಂತೋಷ, ಬ್ರೇಕಿಗೆ ಸಾವು.

ದೊಡ್ಡ ಬ್ರೇಕು ಯಾಕೆ ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ, ಮತ್ತು ಬಹಳ ಜನ ತಪ್ಪು ತಿಳಿಯುವುದೂ ಇಲ್ಲೇ. ದೊಡ್ಡ ಡಿಸ್ಕು ಹಾಕಿದರೆ ಕಾರು ಇನ್ನೂ ಹತ್ತಿರದಲ್ಲಿ ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ಒಳ್ಳೆಯ ಸ್ಥಿತಿಯಲ್ಲಿರುವ ಮಾಮೂಲಿ ಬ್ರೇಕೇ ಚಕ್ರವನ್ನು ಲಾಕ್ ಮಾಡುವಷ್ಟು ಬಲವಾಗಿರುತ್ತದೆ. ಅಲ್ಲಿಂದಾಚೆಗೆ ಕಾರನ್ನು ಹಿಡಿಯುವುದು ಟೈರು, ರಸ್ತೆ. ಹಾಗಾಗಿ ಮೊದಲ ಸಲದ ಬ್ರೇಕಿಗೆ ದೊಡ್ಡ ಡಿಸ್ಕಿನಿಂದ ಹೆಚ್ಚೇನೂ ಲಾಭವಿಲ್ಲ. ಲಾಭ ಇರುವುದು ಇಪ್ಪತ್ತನೇ ಸಲಕ್ಕೆ. ಮೊದಲನೆಯ ಸಲ ಹೇಗೆ ನಿಂತಿತೋ ಇಪ್ಪತ್ತನೆಯ ಸಲವೂ ಹಾಗೇ ನಿಲ್ಲಲಿ ಅಂತ ಕೊಡುವ ದುಡ್ಡು ಅದು.

ಆದರೆ ಚೆನ್ನಾಗಿ ನಿಲ್ಲುವ ಕಾರಿನ ಹಿಂದೆ ಯಾರಿದ್ದಾರೆ? ಈ ಪ್ರಶ್ನೆಗೆ 1955ರ ಜೂನ್ 11ರಂದು ಅದೇ ಲೆ ಮಾನ್ಸ್‌ನಲ್ಲಿ ಭಯಾನಕ ಉತ್ತರ ಸಿಕ್ಕಿತು. ಮೈಕ್ ಹಾಥಾರ್ನ್ ತನ್ನ ಡಿಸ್ಕ್ ಬ್ರೇಕಿನ ಜಾಗ್ವಾರನ್ನು ಪಿಟ್ಟಿಗೆ ತರಲು ಬಲಕ್ಕೆ ಬಂದು ಬ್ರೇಕ್ ಒತ್ತಿದ. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್‌ನ ಆಸ್ಟಿನ್-ಹೀಲಿ ತಪ್ಪಿಸಿಕೊಳ್ಳಲು ಎಡಕ್ಕೆ ಸರಿಯಿತು. ಅದರ ಹಿಂದೆ ವಿಪರೀತ ವೇಗದಲ್ಲಿ ಬರುತ್ತಿದ್ದ ಪಿಯರ್ ಲೆವೆಯ ಮರ್ಸಿಡಿಸ್ ಅದಕ್ಕೆ ಬಡಿದು ಹಾರಿ ಜನರ ನಡುವೆ ಚೂರಾಯಿತು. ಲೆವೆಯೂ, 80ಕ್ಕೂ ಹೆಚ್ಚು ಪ್ರೇಕ್ಷಕರೂ ಸತ್ತರು. ಆ ಮರ್ಸಿಡಿಸ್‌ಗೆ ಇದ್ದದ್ದು ಡ್ರಮ್ ಬ್ರೇಕು. ಅದರ ಕೊರತೆ ತುಂಬಲು ಚಾಲಕನ ಬೆನ್ನ ಹಿಂದೆ ಗಾಳಿಗೆ ಅಡ್ಡವಾಗಿ ಏಳುವ ದೊಡ್ಡ ರೆಕ್ಕೆಯೊಂದನ್ನು ಇಟ್ಟಿದ್ದರು. ವಿಚಾರಣೆಯಲ್ಲಿ ಯಾವ ಚಾಲಕನ ಮೇಲೂ ತಪ್ಪು ಹೊರಿಸಲಿಲ್ಲ, ಹಳೇ ಕಾಲದ ಇಕ್ಕಟ್ಟಿನ ರಸ್ತೆಯದೇ ದೋಷ ಅಂದರು. ಅದು ಸರಿಯೇ ಇರಬಹುದು. ಆದರೂ ಹೆದ್ದಾರಿಯಲ್ಲಿ ಮರಳು ತುಂಬಿದ ಲಾರಿ ನನ್ನ ಕನ್ನಡಿಯಲ್ಲಿ ಕಂಡಾಗಲೆಲ್ಲ ನನಗೆ ಈ ಘಟನೆ ನೆನಪಾಗುತ್ತದೆ. ನನ್ನ ಬ್ರೇಕು ಎಷ್ಟೇ ದೊಡ್ಡದಿರಲಿ, ಅವನದ್ದು ಆಟೋನಗರದಲ್ಲಿ ನಾಲ್ಕು ಸಲ ತಿರುಗಿಸಿದ ಡ್ರಮ್ಮು!

ನಮ್ಮ ದೇಶಕ್ಕೆ ಬಂದರೆ ಕಥೆ ಬೇರೆ. ಅಂಬಾಸಡರ್, ಫಿಯೆಟ್ (ಆಮೇಲೆ ಪ್ರೀಮಿಯರ್ ಪದ್ಮಿನಿ ಆದದ್ದು) ಎರಡಕ್ಕೂ ದಶಕಗಟ್ಟಲೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. 1962ರಲ್ಲಿ ಮದ್ರಾಸಿನ ಪಾಡಿಯಲ್ಲಿ ಟಿವಿಎಸ್‌ನವರು ಇಂಗ್ಲೆಂಡಿನ ಲ್ಯೂಕಾಸ್ ಜೊತೆ ಸೇರಿ ಬ್ರೇಕ್ಸ್ ಇಂಡಿಯಾ ಶುರು ಮಾಡಿದರು, ಅಂದರೆ ತಿಳಿದವರು ಇಲ್ಲಿರಲಿಲ್ಲ ಅಂತಲ್ಲ. ಕಾರಿಗೆ ಆರೆಂಟು ವರ್ಷ ಕ್ಯೂ ನಿಲ್ಲುವ ಗಿರಾಕಿ ಇದ್ದಾಗ ಡಿಸ್ಕು ಯಾಕೆ ಕೊಡುತ್ತಾರೆ ಹೇಳಿ? ಇದರ ಪರಾಕಾಷ್ಠೆ ನೋಡಬೇಕಿದ್ದರೆ ಕಾರು ಬಿಟ್ಟು ಒಂದು ಕ್ಷಣ ಬೈಕಿಗೆ ಹೋಗಬೇಕು. 1983ರಲ್ಲಿ ಎಸ್ಕಾರ್ಟ್ಸ್‌ನವರು ಯಮಹಾದ ಆರ್‌ಡಿ 350 ಬೈಕನ್ನು ರಾಜದೂತ್ 350 ಅಂತ ಇಲ್ಲಿ ತಂದರು. ಜಪಾನಿನಲ್ಲಿ ಅದಕ್ಕೆ ಮುಂದೆ ಡಿಸ್ಕ್ ಇತ್ತು. ಇಲ್ಲಿ ಖರ್ಚು ಉಳಿಸಲು ಅದನ್ನು ತೆಗೆದು ಡ್ರಮ್ ಹಾಕಿದರು. ನಮ್ಮ ಮೈಸೂರಿನ ಯೆಜ್ಡಿಗೆ ಡ್ರಮ್ ಸಾಕಿತ್ತು, ಅದರ ವೇಗಕ್ಕೆ ತಕ್ಕ ಬ್ರೇಕು. ಈ ಬೈಕಿಗೆ ವೇಗ ಜಪಾನಿನದು, ಬ್ರೇಕು ಇಲ್ಲಿನದು. ಆರ್‌ಡಿ ಅಂದರೆ 'ರ‍್ಯಾಪಿಡ್ ಡೆತ್' ಅಂತ ಹುಡುಗರೇ ಹೆಸರಿಟ್ಟರು. ಅಪ್‌ಗ್ರೇಡ್ ಕೇಳಿದ್ದೇವೆ, ಕಾರ್ಖಾನೆಯೇ ಡೌನ್‌ಗ್ರೇಡ್ ಮಾಡಿ ಮಾರಿದ್ದು ನೋಡಿ.

ಶೋಲಾವರಂನಲ್ಲಿ ಓಡಿದ್ದು ಬಹುಪಾಲು ಇಂಥ ವಾಹನಗಳೇ. ವಿಮಾನಪಟ್ಟಿ ಅಂದ ಮೇಲೆ ಉದ್ದನೆಯ ನೇರ ಓಟ, ಕೊನೆಯಲ್ಲಿ ತಿರುವು. ಲೆ ಮಾನ್ಸ್‌ನ ಬಡ ತಮ್ಮ ಅನ್ನಿ. ಬೆಂಗಳೂರಿನ ವಿಜಯ್ ಮಲ್ಯ 1980ರ ದಶಕದಲ್ಲಿ ಅಲ್ಲಿ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನೇ ಓಡಿಸಿದ್ದರು. (ಬ್ಯಾಂಕಿನವರ ಹತ್ತಿರ ಆ ಹೆಸರಿನಲ್ಲಿ ಬೇರೆ ಲೆಕ್ಕ ಇದೆ, ಅದನ್ನು ಇಲ್ಲಿ ಬಿಡೋಣ.) ಕೊಯಮತ್ತೂರಿನ ಕರಿವರ್ಧನ್ ಮಾರುತಿ ಇಂಜಿನ್ ಇಟ್ಟು ಕಡಿಮೆ ಖರ್ಚಿನ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದ್ದು ಆ ದಶಕದ ಕೊನೆಯಲ್ಲಿ. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಅವರದ್ದೇ ಹೆಸರು.

ಇರುಂಗಾಟುಕೋಟೈ ಟ್ರ್ಯಾಕು 3.7 ಕಿ.ಮೀ., 12 ತಿರುವು. ಮನೆಯ ಕಾರಿನಂಥದ್ದೇ ರೇಸ್ ಕಾರು ಸುಮಾರು ಎರಡು ನಿಮಿಷಕ್ಕೆ ಒಂದು ಸುತ್ತು ಬರುತ್ತದೆ. ಸುತ್ತಿಗೆ ನಾಲ್ಕೈದು ಸಲವಾದರೂ ಗಟ್ಟಿಯಾಗಿ ಬ್ರೇಕು. ಹತ್ತು ಸುತ್ತಿಗೆ ನಲವತ್ತು ಐವತ್ತು ಸಲ, ಅದೂ ಚೆನ್ನೈ ಬಿಸಿಲಲ್ಲಿ, ಇಪ್ಪತ್ತೇ ನಿಮಿಷದಲ್ಲಿ.

ವಿಜಯವಾಡದಲ್ಲಿ ನನ್ನ ಜೊತೆ ಕೆಲಸ ಮಾಡಿದ ತೆಲುಗು ಸಹೋದ್ಯೋಗಿಯೊಬ್ಬರ ಮಗ ಹೀಗೆ ತನ್ನ ಪೋಲೋ ಕಾರನ್ನು ಆಗಾಗ ಅಲ್ಲಿಗೆ ಒಯ್ಯುತ್ತಾನೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಕಾರು. 'ಅಂಕಲ್, ದೊಡ್ಡ ಬ್ರೇಕ್ ಕಿಟ್ ಹಾಕಿಸಬೇಕು, ಪರ್ಸನಲ್ ಲೋನ್ ಸಿಗುತ್ತಾ' ಅಂತ ಕೇಳಿದ. ನಾನು ಸಾಲದ ಅರ್ಜಿ ನೋಡುವ ಅಭ್ಯಾಸದಲ್ಲೇ ವಿಚಾರಿಸಿದೆ. 256 ಮಿ.ಮೀ. ತಟ್ಟೆ ತೆಗೆದು 288 ಮಿ.ಮೀ. ಹಾಕಿದರೆ ವ್ಯಾಸ ಹೆಚ್ಚುವುದು ಎಂಟನೇ ಒಂದು ಪಾಲು, ಆದರೆ ತಟ್ಟೆಯ ವಿಸ್ತಾರ ಹೆಚ್ಚುವುದು ಕಾಲು ಭಾಗಕ್ಕಿಂತ ಜಾಸ್ತಿ. ಶಾಖ ಹಿಡಿಯುವ ಕಬ್ಬಿಣವೂ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ. ಇದು ಜಮಾ. ಖರ್ಚಿನ ಕಡೆ ನೋಡಿದರೆ, ಸಣ್ಣ ಚಕ್ರದೊಳಗೆ ಅದು ಹಿಡಿಸುವುದಿಲ್ಲ, ಚಕ್ರ, ಟೈರು ಎರಡೂ ಬದಲಾಗಬೇಕು. ಸ್ಪ್ರಿಂಗಿನ ಕೆಳಗಿನ ತೂಕ ಹೆಚ್ಚುತ್ತದೆ. ಪಿಸ್ಟನ್ ದೊಡ್ಡದಾದರೆ ಹಳೇ ಮಾಸ್ಟರ್ ಸಿಲಿಂಡರಿಗೆ ಪೆಡಲ್ ಉದ್ದ ಒತ್ತಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮುಂದೆ ಮಾತ್ರ ಬಲ ಹೆಚ್ಚಿಸಿದರೆ ಮುಂದಿನ ಟೈರು ಬೇಗ ಸೋಲುತ್ತದೆ, ಹಿಂದಿನ ಚಕ್ರ ತನ್ನ ಪಾಲಿನ ಕೆಲಸ ಮಾಡುವುದೇ ಇಲ್ಲ. ನಿಲ್ಲುವ ದೂರ ಹೆಚ್ಚಿದರೂ ಹೆಚ್ಚಿತು! ಫಾರ್ಮುಲಾ ಒನ್‌ನವರು 2022ರಲ್ಲಿ ಮುಂದಿನ ಡಿಸ್ಕನ್ನು 278 ಮಿ.ಮೀ.ಯಿಂದ 328 ಮಿ.ಮೀ.ಗೆ ಏರಿಸಿದ್ದು ಚಕ್ರವನ್ನೂ 13 ಇಂಚಿನಿಂದ 18 ಇಂಚಿಗೆ ಬದಲಿಸಿದ ವರ್ಷವೇ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಡುವ ವ್ಯವಹಾರ ಅಲ್ಲ ಇದು.

ಮೊದಲು ಬ್ರೇಕ್ ಆಯಿಲ್ ನೋಡು ಅಂದೆ. ಹುಡುಗನಿಗೆ ನಗು ಬಂತು, ನೂರಿನ್ನೂರು ರೂಪಾಯಿಯ ಬಾಟ್ಲಿ ಅಂತ. ಆದರೆ ಕರಾವಳಿಯ ನಮಗೆ ಇದು ಸಣ್ಣ ವಿಷಯವಲ್ಲ. ಆ ದ್ರವ ಗಾಳಿಯ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯದ್ದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ಆಮೇಲೆ 155. ವಿಶಾಖಪಟ್ಟಣದಲ್ಲಿ ಒಗೆದ ಬಟ್ಟೆಯೇ ಎಷ್ಟೋ ದಿನ ನೆಟ್ಟಗೆ ಒಣಗುವುದಿಲ್ಲ, ಇನ್ನು ವರ್ಷಗಟ್ಟಲೆ ಬದಲಿಸದ ಆಯಿಲ್ಲಿನ ಗತಿ? ಅದು ಕುದ್ದು ಗುಳ್ಳೆ ಎದ್ದರೆ ನೀವು ಒತ್ತುವುದು ಆವಿಯನ್ನು, ಪೆಡಲ್ ಸೀದಾ ನೆಲಕ್ಕೆ. ಎಷ್ಟು ದೊಡ್ಡ ಡಿಸ್ಕಿದ್ದರೂ ಉಪಯೋಗವಿಲ್ಲ. ಹುಡುಗ ಈಗ ಆಯಿಲ್ಲು, ಪ್ಯಾಡು ಬದಲಿಸಿಕೊಂಡು ಎರಡು ಸಲ ಹೋಗಿ ಬಂದಿದ್ದಾನೆ. ಕಿಟ್ಟಿನ ದುಡ್ಡು ಸದ್ಯಕ್ಕೆ ಆರ್.ಡಿ. ಖಾತೆಯಲ್ಲಿದೆ (ಬೈಕಲ್ಲ, ರಿಕರಿಂಗ್ ಡಿಪಾಸಿಟ್ಟು).

ಟ್ರ್ಯಾಕಿಗೆ ಹೋಗದವರಿಗೆ ಇದೆಲ್ಲ ಯಾಕೆ ಅಂತ ಕೇಳಬೇಡಿ. ವಿಶಾಖಪಟ್ಟಣದವರು ಚಳಿಗಾಲ ಬಂದರೆ ಅರಕು ಕಣಿವೆಗೆ ಹೊರಡುತ್ತಾರೆ, ನಮ್ಮವರು ಆಗುಂಬೆಗೆ ಹೊರಟ ಹಾಗೆ. ಅರಕು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಒಂದು ಟನ್ನಿನ ಕಾರು ಅಲ್ಲಿಂದ ಅನಂತಗಿರಿ ಘಾಟಿ ಇಳಿದು ಎಸ್. ಕೋಟ ದಾಟಿ ಸಮುದ್ರದ ಮಟ್ಟದವರೆಗೆ ಬರುವಷ್ಟರಲ್ಲಿ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 8,800 ಕಿಲೋಜೂಲ್. ಮೇಲಿನ ಲೆಕ್ಕಕ್ಕೆ ಭಾಗಿಸಿ ನೋಡಿ, 100 ಕಿ.ಮೀ. ವೇಗದಿಂದ ಸುಮಾರು 23 ಸಲ ಪೂರ್ತಿ ನಿಲ್ಲಿಸಿದಷ್ಟು. ಐದು ಜನ, ಲಗೇಜು ಸೇರಿದರೆ ಇನ್ನೂ ಜಾಸ್ತಿ. ಗಾಳಿ ಒಂದಿಷ್ಟು ತಿನ್ನುತ್ತದೆ, ಟೈರು ಒಂದಿಷ್ಟು. ಉಳಿದದ್ದನ್ನು ಹೊರುವವರು ಇಬ್ಬರೇ, ಇಂಜಿನ್ ಇಲ್ಲವೇ ಬ್ರೇಕು. ಎರಡನೇ ಗೇರಿನಲ್ಲಿ ಇಳಿದವನ ಇಂಜಿನ್ ಗೊರಗೊರ ಅನ್ನುತ್ತದೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿದವನ ಕಾರಿನಿಂದ ಘಾಟಿ ಮುಗಿಯುವ ಮೊದಲೇ ಸುಟ್ಟ ಲೈನರಿನ ವಾಸನೆ ಬರುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಸೋಮೇಶ್ವರದ ಕಡೆ ಇಳಿಯುವ ಲಾರಿಗಳಿಂದ ಚಿಕ್ಕಂದಿನಲ್ಲಿ ಮೂಗಿಗೆ ಬರುತ್ತಿದ್ದದ್ದೂ ಇದೇ ವಾಸನೆ.